ವಿಮಾನದಲ್ಲಿ ಝಳ ಹೊಡೆದರೆ ಕಿಟಕಿ ತೆಗೆಯಲಾಗದು, ಆದರೆ ಮಾಡಬಹುದಾದದ್ದು ಬಹಳ ಇದೆ

ಪ್ರಶ್ನೆ: ನನಗೆ 50 ವರ್ಷ, ಊರು ದಾವಣಗೆರೆ. ಮುಟ್ಟು ನಿಂತು ಎಂಟು ತಿಂಗಳಾಯಿತು. ದಿನಕ್ಕೆ ಆರೇಳು ಸಲ ಎದೆಯಿಂದ ಮುಖಕ್ಕೆ ಝಳ ಏರಿ ಬೆವರು ಸುರಿಯುತ್ತದೆ. ರಾತ್ರಿ ಎರಡು ಸಲವಾದರೂ ಎಚ್ಚರವಾಗುತ್ತದೆ. ಇನ್ನೆರಡು ತಿಂಗಳಿಗೆ ಮಗಳ ಬಾಣಂತನಕ್ಕೆ ಚಿಕಾಗೊಗೆ ಹೋಗಬೇಕು. ಬೆಂಗಳೂರಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಚಿಕಾಗೊ. ಹೋದ ತಿಂಗಳು ಎಸಿ ಬಸ್ಸಿನಲ್ಲಿ ಝಳ ಬಂದಾಗ ಕಿಟಕಿ ತೆಗೆಯಲಾಗದೆ ಉಸಿರು ಕಟ್ಟಿದಂತಾಗಿ, ಇಳಿದುಬಿಡೋಣ ಅನ್ನಿಸಿತ್ತು. ವಿಮಾನದಲ್ಲಿ ಹಾಗಾದರೆ ಏನು ಮಾಡಲಿ? ಏನಾದರೂ ಮಾತ್ರೆ ತೆಗೆದುಕೊಂಡು ಹತ್ತಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ, ಯಾಕೆಂದರೆ ಔಷಧಿಗೆ ಕಾಲ ಬೇಕು. ಎರಡು ತಿಂಗಳು ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು.

ಝಳಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನಿನ ಚಿಕಿತ್ಸೆ. ಕೆಲವು ವಾರಗಳಲ್ಲಿ ಗುಣ ಕಾಣಿಸಲು ಶುರುವಾದರೂ ಪೂರ್ತಿ ಫಲ ಗೊತ್ತಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಹಾಗಾಗಿ ಹೊರಡುವ ವಾರದಲ್ಲಿ ಶುರುಮಾಡಿ ಪ್ರಯೋಜನವಿಲ್ಲ. ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿ, ವಿಮಾನ ಪ್ರಯಾಣದ ವಿಷಯವನ್ನೂ ಹೇಳಿ. ಇದನ್ನು ಹೇಳಲು ಕಾರಣವಿದೆ. ಮಾತ್ರೆಯಾಗಿ ನುಂಗಿದ ಈಸ್ಟ್ರೋಜೆನ್ ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪ್ಯಾಚ್‌ನಲ್ಲಿ ಆ ತೊಂದರೆ ಬಹಳ ಕಡಿಮೆ. ಹತ್ತು ಗಂಟೆ ಕಾಲು ಮಡಚಿ ಕೂರಬೇಕಾದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಗರ್ಭಕೋಶ ಇರುವವರಿಗೆ ಜೊತೆಯಲ್ಲಿ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನ್ ಕೊಡಲೇಬೇಕು. ಸ್ತನದ ಕ್ಯಾನ್ಸರ್, ಪಾರ್ಶ್ವವಾಯು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಯಕೃತ್ತಿನ ಕಾಯಿಲೆ ಆಗಿದ್ದವರಿಗೆ ಈ ಚಿಕಿತ್ಸೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಂಥವರಿಗೆ ಸಣ್ಣ ಪ್ರಮಾಣದ ವೆನ್ಲಾಫ್ಯಾಕ್ಸಿನ್, ಪ್ಯಾರಾಕ್ಸೆಟಿನ್, ರಾತ್ರಿ ಝಳವೇ ಹೆಚ್ಚಿದ್ದರೆ ಗ್ಯಾಬಪೆಂಟಿನ್ ಕೊಡುವುದುಂಟು. ಸ್ತನದ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರಿಗೆ ಪ್ಯಾರಾಕ್ಸೆಟಿನ್ ಆಗದು. ಯಾವುದೇ ಆಗಲಿ, ಮೊದಲ ಡೋಸು ವಿಮಾನದೊಳಗೆ ಬೇಡ. ತಲೆಸುತ್ತು, ವಾಕರಿಕೆ, ಮಂಪರು ಬರುವುದಾದರೆ ಅದು ಮನೆಯಲ್ಲಿರುವಾಗಲೇ ಬಂದು ಹೋಗಲಿ. ಶತಾವರಿ, ಸೋಯಾ ಗುಳಿಗೆಗಳ ಬಗ್ಗೆಯೂ ಇದೇ ಮಾತು. ಅವು ಝಳ ತಗ್ಗಿಸುತ್ತವೆ ಎನ್ನುವುದಕ್ಕೆ ಪುರಾವೆ ತೆಳು. ಪ್ರಯಾಣದ ಮುಂಚೆ ಹೊಸದಾಗಿ ಹಿಡಿಯುವುದು ಬೇಡ.

ಇನ್ನೊಂದು ಮಾತ್ರೆಯ ಬಗ್ಗೆ ಎಚ್ಚರ. ಪೂಜೆ, ಯಾತ್ರೆ ಅಂದಾಗ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ನಾವೇ ತಂದು ನುಂಗುವ ನಾರ್‌ಎಥಿಸ್ಟರಾನ್. ನಿಮ್ಮದು ಎಂಟೇ ತಿಂಗಳು. ಸತತ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಮಾತ್ರ ಅದನ್ನು ಋತುಬಂಧ ಎನ್ನುತ್ತಾರೆ. ಅಲ್ಲಿಯವರೆಗೆ ಹೇಳದೆ ಕೇಳದೆ, ಕೆಲವೊಮ್ಮೆ ಜೋರಾಗಿ, ಸ್ರಾವ ಆಗಬಹುದು. ವಿಮಾನದಲ್ಲಿ ಆಗಿಬಿಟ್ಟರೆ ಎಂಬ ಭಯಕ್ಕೆ ಈ ಮಾತ್ರೆ ಹಿಡಿಯುವವರು ಇದ್ದಾರೆ. ದಿನಕ್ಕೆ ಮೂರರಂತೆ ನುಂಗುವ ಆ ಡೋಸಿನಲ್ಲಿ ಅದರ ಒಂದು ಪಾಲು ದೇಹದೊಳಗೆ ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ, ಹೆಪ್ಪಿನ ಅಪಾಯ ಅಲ್ಲೂ ಇದೆ. ಅದರ ಬದಲು ನಾಲ್ಕು ದೊಡ್ಡ ಪ್ಯಾಡು, ಒಂದು ಜೊತೆ ಒಳಉಡುಪು, ಗಾಢ ಬಣ್ಣದ ಪ್ಯಾಂಟು ಕೈಚೀಲದಲ್ಲಿರಲಿ.

ಈಗ ಝಳದ ವಿಷಯ. ನಮ್ಮ ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಮೈಯ ಬಿಸಿಯನ್ನು ಅಳೆಯುತ್ತಿರುತ್ತದೆ. ಸಾಮಾನ್ಯವಾಗಿ ಒಳಗಿನ ಉಷ್ಣ ತುಸು ಏರಿದರೂ ಇಳಿದರೂ ಅದು ಸುಮ್ಮನಿರುತ್ತದೆ. ಈಸ್ಟ್ರೋಜೆನ್ ಇಳಿದಾಗ ಈ ಸಹನೆಯ ಅಂತರ ಕಿರಿದಾಗುತ್ತದೆ. ಝಳ ಜೋರಾಗಿರುವವರಲ್ಲಿ ಇಲ್ಲವೆನ್ನುವಷ್ಟು ಕಿರಿದು. ಒಂದು ಲೋಟ ಬಿಸಿ ಕಾಫಿ, ಭಾರದ ಬ್ಯಾಗನ್ನು ಮೇಲಿನ ಗೂಡಿಗೆ ಎತ್ತಿದ್ದು, ಒಂದು ಗಾಬರಿ, ಇಷ್ಟಕ್ಕೇ ಮೈ ಕಾದುಹೋಯಿತು ಎಂದು ಅದು ತಪ್ಪು ಲೆಕ್ಕ ಹಾಕಿ, ರಕ್ತನಾಳಗಳನ್ನು ಅಗಲ ಮಾಡಿ, ಬೆವರು ಹರಿಸಿ, ಎದೆಬಡಿತ ಏರಿಸುತ್ತದೆ. ಸಾಮಾನ್ಯವಾಗಿ ಒಂದರಿಂದ ಐದು ನಿಮಿಷ. ಆಮೇಲೆ ಒದ್ದೆ ಬಟ್ಟೆ, ನಿಜವಾಗಿಯೂ ತಣ್ಣಗಾದ ಮೈ, ನಡುಕ. ಅಂದರೆ ಐದು ನಿಮಿಷದ ಬಿಸಿಗೂ ಅದರ ಹಿಂದೆಯೇ ಬರುವ ಅರ್ಧ ಗಂಟೆಯ ಚಳಿಗೂ ಒಟ್ಟಿಗೆ ತಯಾರಾಗಬೇಕು. ಬಹಳ ಜನ ಮೊದಲಿನದಕ್ಕೆ ಮಾತ್ರ ತಯಾರಾಗಿ ಉಳಿದ ಪ್ರಯಾಣವೆಲ್ಲ ನಡುಗುತ್ತಾರೆ.

ವಿಮಾನದಲ್ಲಿ ಬಿಸಿ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ. ಹಾರುವಾಗ ಒಳಗೆ ಸುಮಾರು 22ರಿಂದ 24 ಡಿಗ್ರಿ ಸೆಲ್ಸಿಯಸ್. ಅಕ್ಕಪಕ್ಕದವರು ಕಂಬಳಿ ಕೇಳುತ್ತಿರುತ್ತಾರೆ. ಕಷ್ಟ ಕೊಡುವುದು ನಿರ್ದಿಷ್ಟ ಹೊತ್ತುಗಳು, ಅವುಗಳಲ್ಲಿ ಮೊದಲನೆಯದು ಹತ್ತುವಾಗ. ನೆಲದ ಮೇಲೆ ಎಂಜಿನ್ ಶುರುವಾಗುವ ಮುಂಚೆ ತಂಪುಗಾಳಿ ಕಡಿಮೆ, ಬಾಗಿಲು ತೆರೆದಿರುತ್ತದೆ, ಮುನ್ನೂರು ಜನ ಬ್ಯಾಗು ಎತ್ತುತ್ತಿರುತ್ತಾರೆ. ಇಲ್ಲಿ ನಮ್ಮ ಕಡೆಯ ತಾಯಂದಿರಿಗೆ ಒಂದು ಇಕ್ಕಟ್ಟಿದೆ. ಭಾಷೆ, ದಾರಿ ಗೊತ್ತಾಗದು ಎಂದು ಮಕ್ಕಳು ವೀಲ್‌ಚೇರ್ ಸಹಾಯ ಬುಕ್ ಮಾಡಿರುತ್ತಾರೆ. ವೀಲ್‌ಚೇರಿನವರನ್ನು ಎಲ್ಲರಿಗಿಂತ ಮೊದಲೇ ಹತ್ತಿಸುತ್ತಾರೆ, ಇಳಿಸುವುದು ಎಲ್ಲರಿಗಿಂತ ಕೊನೆಗೆ. ಅಂದರೆ ಕಾದ ವಿಮಾನದಲ್ಲಿ ಎರಡು ಕಡೆಯೂ ಹೆಚ್ಚು ಹೊತ್ತು ನಿಮ್ಮದೇ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವ ನಡಿಗೆ ಉದ್ದ, ಅಲ್ಲಿ ಆ ಸಹಾಯ ಬಿಡಬೇಡಿ ಎನ್ನುವುದೇ ನಮ್ಮ ಸಲಹೆ. ಆದರೆ ಬೀಸಣಿಗೆ, ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ಹತ್ತಿ. ವೀಲ್‌ಚೇರ್ ಬೇಡದವರು ತಮ್ಮ ಸಾಲು ಕರೆದ ಕೂಡಲೇ ನುಗ್ಗದೆ, ವಿಮಾನದ ಬಾಗಿಲಿಗೆ ಸೇರುವ ಏರೋಬ್ರಿಜ್ ದಾರಿಯಲ್ಲಿ ನೂಕುನುಗ್ಗಲು ಕಳೆದ ಮೇಲೆ ಹತ್ತುವುದು ಮೇಲು. ಭಾರದ ಬ್ಯಾಗನ್ನು ಲಗೇಜಿಗೆ ಹಾಕಿಬಿಡಿ. ಮೇಲೆತ್ತುವ ಶ್ರಮವೇ ಒಂದು ಝಳಕ್ಕೆ ಸಾಕು.

ಎರಡನೆಯ ಹೊತ್ತು ಬಿಸಿ ಊಟ ಬಂದು ಮಡಿಲ ಮೇಲೆ ಟ್ರೇ ಇಳಿದಾಗ, ಎದ್ದುಹೋಗಲೂ ಆಗದು. ಮೂರನೆಯದು ನಿದ್ದೆಯಲ್ಲಿ, ವಿಮಾನದ ದಪ್ಪ ಪಾಲಿಯೆಸ್ಟರ್ ಕಂಬಳಿಯೊಳಗೆ. ನಾಲ್ಕನೆಯದು ಇಳಿದ ಮೇಲೆ, ಇಮಿಗ್ರೇಷನ್ ಸಾಲಿನಲ್ಲಿ. ಈ ನಾಲ್ಕಕ್ಕೂ ಬೇರೆ ಬೇರೆ ಉಪಾಯ ಬೇಕು.

ಬಟ್ಟೆಯಿಂದ ಶುರುಮಾಡೋಣ. ಒಳಗೆ ತೋಳಿಲ್ಲದ ತೆಳು ಹತ್ತಿಯ ಬನಿಯನ್ ಥರದ್ದು, ಅದರ ಮೇಲೆ ಮುಂದೆ ಗುಂಡಿ ಇರುವ ಸಡಿಲ ಹತ್ತಿ ಕುರ್ತಾ, ಮೇಲೊಂದು ಹತ್ತಿ ಶಾಲು. ತಲೆಯ ಮೇಲಿಂದ ಎಳೆದು ತೆಗೆಯಬೇಕಾದ ಸ್ವೆಟರ್ ಬೇಡ. ಝಳ ಏರುವ ಹತ್ತು ಸೆಕೆಂಡಿನಲ್ಲಿ ಸೀಟ್ ಬೆಲ್ಟು ಕಟ್ಟಿಕೊಂಡೇ ಬಿಚ್ಚುವಂತಿರಬೇಕು. ಸೀರೆಯೇ ಬೇಕೆನ್ನುವವರು ಹತ್ತಿಯದೇ ಉಡಿ, ಆದರೆ ಲಂಗದ ಲಾಡಿ ಸೊಂಟಕ್ಕೆ ಬಿಗಿದರೆ ಹತ್ತು ಗಂಟೆಯಲ್ಲಿ ಹೊಟ್ಟೆ ಉಬ್ಬರಕ್ಕೂ ಬೆವರಿಗೂ ಅದೇ ಕಾರಣವಾಗುತ್ತದೆ. ಕೂದಲನ್ನು ತುರುಬು ಕಟ್ಟಿ ಕ್ಲಿಪ್ಪು ಹಾಕಿ, ಕತ್ತಿನ ಹಿಂಭಾಗ ಬಯಲಾಗಿರಲಿ. ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿಯುತ್ತದೆ, ಅಂದು ಸ್ಟಿಕ್ಕರ್ ಬಿಂದಿ ಸಾಕು. ಕೆಲವು ವಿಮಾನಗಳ ಸೀಟು ರೆಕ್ಸಿನ್ನಿನಂಥ ಹೊದಿಕೆಯದ್ದು, ಬೆನ್ನು ಅಂಟಿಕೊಳ್ಳುತ್ತದೆ; ಬೆನ್ನಿಗೂ ಸೀಟಿಗೂ ನಡುವೆ ಒಂದು ತೆಳು ಟವೆಲ್ ಹಾಸಿಕೊಳ್ಳಿ. ಕತ್ತಿಗೆ ಸುತ್ತುವ ಫೋಮ್ ದಿಂಬು ಬಿಸಿ ಹಿಡಿದಿಡುವಂಥದು. ಗಾಳಿ ಊದಿ ಉಬ್ಬಿಸುವ ದಿಂಬಿಗೆ ಹತ್ತಿಯ ಗವಸು ಹಾಕಿದರೆ ಮೇಲು. ನಿದ್ದೆಗೆ ಅವರು ಕೊಟ್ಟ ಕಂಬಳಿಯನ್ನು ಕಾಲಿಗೆ ಮಾತ್ರ ಹೊದ್ದು, ಎದೆಗೆ ನಿಮ್ಮ ಶಾಲು.

ಒದ್ದೆಯಾದ ಒಳಬಟ್ಟೆಯನ್ನು ಮೈಮೇಲೆಯೇ ಒಣಗಲು ಬಿಡಬೇಡಿ. ಎರಡು ಬದಲಿ ಬನಿಯನ್, ಒದ್ದೆಯದನ್ನು ಹಾಕಲು ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಕೂಡಲೇ ಮುಖ, ಕತ್ತು, ಕಂಕುಳು ಒರೆಸಿ ಬಟ್ಟೆ ಬದಲಿಸಿಬಿಡಿ.

ತಂಪಿನ ಸಾಮಾನು ಬಹಳ ಬೇಡ. ವಿಮಾನದೊಳಗಿನ ಗಾಳಿ ತುಂಬಾ ಒಣ, ತೇವಾಂಶ ಹೆಚ್ಚಾಗಿ 10ರಿಂದ 20 ಶೇಕಡಾ ಅಷ್ಟೇ. ತುಟಿ, ಕಣ್ಣು ಒಣಗಿಸುವ ಈ ಗಾಳಿಯೇ ಝಳದ ಹೊತ್ತಿಗೆ ನಿಮ್ಮ ಗೆಳತಿ. ಕಲಬುರಗಿಯ ಬೇಸಿಗೆಯಲ್ಲಿ ಏರ್‌ಕೂಲರ್ ತಂಪು ಕೊಡುತ್ತದೆ, ಮಂಗಳೂರಿನಲ್ಲಿ ಕೊಡುವುದಿಲ್ಲ, ಯಾಕೆಂದರೆ ಒಣ ಗಾಳಿಯಲ್ಲಿ ಮಾತ್ರ ನೀರು ಬೇಗ ಆರಿ ಬಿಸಿಯನ್ನು ಎಳೆದೊಯ್ಯುತ್ತದೆ. ವಿಮಾನದ ಗಾಳಿ ಕಲಬುರಗಿಯ ಜಾತಿಯದು. ಹಾಗಾಗಿ ಒಂದು ಒದ್ದೆ ಕರ್ಚೀಫು, ಒಂದು ಬೀಸಣಿಗೆ ಸೇರಿದರೆ ದುಬಾರಿ ಕೂಲಿಂಗ್ ಪಟ್ಟಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಕರ್ಚೀಫು ಹಿಂಡಿದ್ದಿರಲಿ, ನೀರು ತೊಟ್ಟಿಕ್ಕುವಂತಿದ್ದರೆ ಕುರ್ತಾ ನೆನೆದು ಆಮೇಲೆ ಚಳಿ. ಮಡಚುವ ಬಟ್ಟೆ ಅಥವಾ ಕಾಗದದ ಬೀಸಣಿಗೆ ಸಾಕು. ಲಾವಂಚದ ಬೀಸಣಿಗೆ ನೆನೆಸಿದರೆ ಹಿತವೇ, ಆದರೆ ಬೇರು, ಗರಿಯ ವಸ್ತುಗಳನ್ನು ಅಮೆರಿಕದ ಕಸ್ಟಮ್ಸ್‌ನಲ್ಲಿ ಹೇಳಿಕೊಳ್ಳಬೇಕಾಗುತ್ತದೆ. ಬಾಣಂತಿಗೆಂದು ಒಯ್ಯುವ ಸಾಮಾನಿನದ್ದೇ ಅಲ್ಲಿ ಸಾಕಷ್ಟು ಮಾತಿರುತ್ತದೆ.

50ರಿಂದ 100 ಮಿ.ಲೀ. ಹಿಡಿಯುವ ಸಣ್ಣ ಸ್ಪ್ರೇ ಬಾಟಲಿಯನ್ನು ಖಾಲಿಯಾಗಿಯೇ ಒಯ್ದು, ಭದ್ರತಾ ತಪಾಸಣೆ ದಾಟಿದ ಮೇಲೆ ನೀರು ತುಂಬಿಸಿ. ಕುಡಿಯುವ ನೀರಿನ ಬಾಟಲಿಗೂ ಇದೇ ಕ್ರಮ. ನಡುವಿನ ನಿಲ್ದಾಣದಲ್ಲಿ ಮತ್ತೆ ತಪಾಸಣೆ ಇದ್ದರೆ ಉಳಿದ ನೀರು ಚೆಲ್ಲಿ ಮತ್ತೆ ತುಂಬಿಸಬೇಕಾಗುತ್ತದೆ. ಬ್ಯಾಟರಿ ಫ್ಯಾನ್ ಒಯ್ಯುವುದಾದರೆ ಚಾರ್ಜ್ ಪೂರ್ತಿ ಮಾಡಿ ಕೈಚೀಲದಲ್ಲಿಡಿ. ಪವರ್ ಬ್ಯಾಂಕನ್ನು ಲಗೇಜಿಗೆ ಹಾಕುವಂತಿಲ್ಲ, ಈಗೀಗ ವಿಮಾನದೊಳಗೆ ಅದನ್ನು ಬಳಸಲು ಬಿಡದ ಕಂಪನಿಗಳೂ ಇವೆ. ಸೀಟಿನ ಮೇಲೆ ತಿರುಗಿಸುವ ಗಾಳಿಯ ನಳಿಗೆ ಸಣ್ಣ ವಿಮಾನಗಳಲ್ಲಿರುತ್ತದೆ. ದೂರ ಹಾರುವ ಎಷ್ಟೋ ದೊಡ್ಡ ವಿಮಾನಗಳಲ್ಲಿ ಇರುವುದಿಲ್ಲ, ಅದನ್ನೇ ನಂಬಿಕೊಂಡು ಹೋಗಬೇಡಿ. ಜೆಲ್ ಪ್ಯಾಕ್ ತಪಾಸಣೆಯಲ್ಲಿ ರಗಳೆ. ಐಸ್ ಬೇಕಿದ್ದರೆ ವಿಮಾನದಲ್ಲೇ ಸಿಗುತ್ತದೆ. ಇಂಗ್ಲಿಷ್ ಬಾರದೆಂದು ಸುಮ್ಮನಿರಬೇಡಿ, ‘ಐಸ್ ಕಪ್, ಪ್ಲೀಸ್’ ಅಂದರೆ ಸಾಕು. ‘ಟೂ ಹಾಟ್’ ಅಂದರೆ ನಿಮ್ಮ ಭಾಗದ ಉಷ್ಣವನ್ನು ಒಂದಿಷ್ಟು ಇಳಿಸುವ ವ್ಯವಸ್ಥೆಯೂ ಸಿಬ್ಬಂದಿ ಬಳಿ ಇರುತ್ತದೆ, ಆದರೆ ನೂರಾರು ಜನರಿಗೆ ಹೊಂದಿಸಬೇಕಾದದ್ದರಿಂದ ಬಹಳ ನಿರೀಕ್ಷೆ ಬೇಡ.

ಸೀಟು ನಡುದಾರಿಯ ಪಕ್ಕದ್ದೇ ಇರಲಿ. ಯಾರನ್ನೂ ಎಬ್ಬಿಸದೆ ಏಳಬಹುದು ಎಂಬ ಧೈರ್ಯವೇ ಅರ್ಧ ಗಾಬರಿ ಇಳಿಸುತ್ತದೆ. ಊಟ ಕಾಯಿಸುವ ಗ್ಯಾಲಿಯ ಪಕ್ಕದ ಸಾಲು ಬೇಡ. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲಿಗೆ ಜಾಗ ಜಾಸ್ತಿ, ಆದರೆ ಬೆವರು ಆರಿದ ಮೇಲೆ ಅಲ್ಲಿನ ಚಳಿ ಪಾದಕ್ಕೆ ಕೊರೆಯುತ್ತದೆ.

ಝಳ ಬರುವ ಮುನ್ನ ಹಲವರಿಗೆ ಸೂಚನೆ ಸಿಗುತ್ತದೆ: ಎದೆ ಢವಢವ, ಸಣ್ಣ ತಳಮಳ, ಕಿವಿಯ ಸುತ್ತ ಬೆಚ್ಚಗೆ. ಆಗಲೇ ಕೆಲಸ ಶುರುವಾಗಬೇಕು. ಶಾಲು ತೆಗೆಯಿರಿ, ಕುರ್ತಾದ ಮೇಲಿನ ಎರಡು ಗುಂಡಿ ಬಿಚ್ಚಿ. ಒದ್ದೆ ಕರ್ಚೀಫು ಕತ್ತಿನ ಹಿಂಭಾಗಕ್ಕೆ, ಇನ್ನೊಂದು ಕೈಯಿಂದ ಮುಖಕ್ಕೆ ಬೀಸಣಿಗೆ. ತಣ್ಣೀರನ್ನು ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಿರಿ. ಐಸ್ ಕಪ್ ಇದ್ದರೆ ಅಂಗೈಯಲ್ಲಿ ಹಿಡಿದುಕೊಳ್ಳಿ, ಬರಿಯ ಐಸ್ ತುಂಡನ್ನು ಕತ್ತಿಗೆ ಒತ್ತಬೇಡಿ. ಅಷ್ಟು ತಣ್ಣಗಾದರೆ ಅಲ್ಲಿನ ರಕ್ತನಾಳ ಮುದುಡಿ ಮೈ ಬಿಸಿ ಹೊರಹೋಗದೆ ನಡುಕ ಮಾತ್ರ ಬರುತ್ತದೆ. ಬೆವರು ನಿಲ್ಲುವ ಮುಂಚೆಯೇ ಒಣ ಟವೆಲಿನಿಂದ ಎದೆ, ಬೆನ್ನು ಒರೆಸಿ ಶಾಲು ಹೊದೆಯಿರಿ. ಚಳಿ ಹಿಡಿಯುವುದು ಈ ಒಂದು ಹೆಜ್ಜೆ ಬಿಟ್ಟವರಿಗೆ.

ಇನ್ನು ಬಸ್ಸಿನಲ್ಲಿ ಉಸಿರು ಕಟ್ಟಿದ ಸಂಗತಿ. ಅಲ್ಲಿ ನಿಮಗಾದದ್ದು ಎರಡು. ಮೊದಲು ಝಳ, ಅದರ ಬೆನ್ನಿಗೆ ಗಾಬರಿ. ಎದೆ ಹೊಡೆದುಕೊಂಡದ್ದನ್ನು ಮನಸ್ಸು ಅಪಾಯ ಎಂದು ಓದಿಕೊಂಡಿತು, ಉಸಿರು ಜೋರಾಯಿತು. ಜೋರಾಗಿ, ಆಳವಾಗಿ ಉಸಿರಾಡಿದಷ್ಟೂ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಗಾಳಿ ಸಾಲದೆಂಬ ಭಾವನೆ ಇನ್ನೂ ಹೆಚ್ಚುತ್ತದೆ. ಹಾಗಾಗಿ ಪಕ್ಕದವರು ‘ಚೆನ್ನಾಗಿ ಉಸಿರೆಳೆದುಕೊಳ್ಳಿ’ ಅಂದರೆ ಕೇಳಬೇಡಿ. ಮೂಗಿನಿಂದ ಮೆಲ್ಲಗೆ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಎಣಿಕೆಗೆ ಮನಸ್ಸು ನಿಲ್ಲದಿದ್ದರೆ ಬಾಯಿಪಾಠ ಬರುವ ಯಾವುದಾದರೂ ದೇವರನಾಮದ ಒಂದು ಸಾಲನ್ನು ಉಸಿರು ಬಿಡುವಾಗ ಮನಸ್ಸಿನಲ್ಲೇ ಹೇಳಿಕೊಳ್ಳಿ. ಇವತ್ತಿನಿಂದಲೇ ದಿನಕ್ಕೆ ಎರಡು ಸಲ ಅಭ್ಯಾಸ ಮಾಡಿದರೆ ಮಾತ್ರ ಇದು ವಿಮಾನದಲ್ಲಿ ಕೈಗೆ ಬರುತ್ತದೆ.

ಒಂದು ಮಾತು ನೇರವಾಗಿ ಹೇಳಬೇಕು. ಈ ಉಸಿರಾಟ ಝಳವನ್ನು ನಿಲ್ಲಿಸುವುದಿಲ್ಲ. ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಹೊರತಂದ ನಿಲುವಿನಲ್ಲಿ ನಿಧಾನ ಉಸಿರಾಟವನ್ನಾಗಲಿ, ತಂಪು ಮಾಡಿಕೊಳ್ಳುವ ಉಪಾಯಗಳನ್ನಾಗಲಿ ಝಳದ ಚಿಕಿತ್ಸೆ ಎಂದು ಶಿಫಾರಸು ಮಾಡಿಲ್ಲ. ಯೋಚನೆ, ನಡವಳಿಕೆಯ ರೀತಿ ಬದಲಿಸಲು ಕಲಿಸುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂಬ ಮಾತಿನ ಚಿಕಿತ್ಸೆಯನ್ನು ಶಿಫಾರಸು ಮಾಡಿದೆ. ಝಳ ತನ್ನ ಪಾಡಿಗೆ ಬಂದು ಹೋಗುತ್ತದೆ. ಉಸಿರಾಟದಿಂದ ತಡೆಯಬಹುದಾದದ್ದು ಅದರ ಬೆನ್ನೇರಿ ಬರುವ ಗಾಬರಿಯನ್ನು, ಆ ಗಾಬರಿ ಎಬ್ಬಿಸುವ ಮುಂದಿನ ಝಳವನ್ನು. ಗಾಬರಿಗೆ ಇನ್ನೊಂದು ಮದ್ದು ತಿಳಿವಳಿಕೆ. ವಿಮಾನ ಮುಚ್ಚಿದ ಡಬ್ಬಿ ಅಲ್ಲ. ಅದರೊಳಗಿನ ಗಾಳಿ ಸುಮಾರು ಎರಡು ಮೂರು ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಅರ್ಧದಷ್ಟು ಹೊರಗಿನ ಹೊಸ ಗಾಳಿ. ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗೆ. ನಮ್ಮ ಮುಳ್ಳಯ್ಯನಗಿರಿ 6,300 ಅಡಿಗೂ ಸ್ವಲ್ಪ ಮೇಲಿದೆ. ಅಲ್ಲಿ ಕೂತು ಉಸಿರಾಡಬಲ್ಲವರಿಗೆ ಇಲ್ಲಿಯೂ ಆಗುತ್ತದೆ.

ಕಾಫಿ ಬಿಡಬೇಕೇ? ಕೆಲವರಿಗೆ ಕಾಫಿ, ಖಾರ ಝಳ ತರಿಸುತ್ತವೆ, ಕೆಲವರಿಗೆ ಏನೂ ಆಗದು. ಒಂದು ವಾರ ಝಳ ಬಂದ ಹೊತ್ತು, ಅದಕ್ಕೆ ಮುಂಚೆ ತಿಂದದ್ದು ಕುಡಿದದ್ದನ್ನು ಬರೆದಿಟ್ಟರೆ ಗೊತ್ತಾಗುತ್ತದೆ. ನಿಮಗೆ ಕಾಫಿಯೇ ಕಾರಣವಾದರೆ ಹೊರಡುವ ಹತ್ತು ದಿನ ಮುಂಚಿನಿಂದ ಡಿಕಾಕ್ಷನ್ ಇಳಿಸುತ್ತಾ ಬನ್ನಿ. ಹೊರಡುವ ದಿನ ಒಮ್ಮೆಲೇ ಬಿಟ್ಟರೆ ತಲೆನೋವು ಬರಬಹುದು. ವಿಮಾನದ ಕಾಫಿಯನ್ನು ಉಗುರುಬೆಚ್ಚಗಾಗುವವರೆಗೆ ಆರಲು ಬಿಡಿ, ಊಟದ ಮೇಲಿನ ಮುಚ್ಚಳ ತೆಗೆದು ಹಬೆ ಹೋಗಲಿ. ವೈನ್ ಕೊಡುತ್ತಾರೆ, ಬೇಡ ಅನ್ನಿ. ಮನೆಯಿಂದ ಒಯ್ಯುವುದಾದರೆ ಚಪಾತಿ, ಅವಲಕ್ಕಿ ಒಳ್ಳೆಯದು. ಉಪ್ಪಿನಕಾಯಿ, ಚಟ್ನಿಪುಡಿ ಜಾಸ್ತಿಯಾದರೆ ಕಾಲು ಊದಿಕೊಳ್ಳುತ್ತದೆ. ಎಚ್ಚರವಿರುವ ಪ್ರತಿ ಗಂಟೆಗೂ 100ರಿಂದ 150 ಮಿ.ಲೀ. ನೀರು ಕುಡಿಯಿರಿ. ಶೌಚಕ್ಕೆ ಏಳಬೇಕಲ್ಲ ಎಂದು ನೀರು ಬಿಡುವವರೇ ಹೆಚ್ಚು. ಈ ವಯಸ್ಸಿನಲ್ಲಿ ಮೂತ್ರನಾಳದ ಒಳಪದರ ತೆಳುವಾಗಿರುತ್ತದೆ, ನೀರು ಕಡಿಮೆಯಾಗಿ ಮೂತ್ರ ತಡೆದರೆ ಉರಿಮೂತ್ರ ಬರುವ ಸಾಧ್ಯತೆ ಹೆಚ್ಚು. ಊಟದ ಗಾಡಿ ದಾರಿಗೆ ಬರುವ ಮುಂಚೆ, ಇಳಿಯಲು ಸೀಟ್ ಬೆಲ್ಟ್ ದೀಪ ಹತ್ತುವ ಅರ್ಧ ಗಂಟೆ ಮುಂಚೆ ಎದ್ದು ಹೋಗಿಬನ್ನಿ.

ಕಾಲಿಗೆ ಮೊಣಕಾಲಿನ ಕೆಳಗಿನವರೆಗಿನ ಕಂಪ್ರೆಷನ್ ಕಾಲುಚೀಲ, 15ರಿಂದ 20 ಎಂಎಂ ಎಚ್‌ಜಿ ಒತ್ತಡದ್ದು. ಬೆಳಗ್ಗೆ ಕಾಲು ಊದಿಲ್ಲದಾಗ ಕಾಲಿನ ಸುತ್ತಳತೆ ತೆಗೆದು, ಆ ಅಳತೆಯದ್ದನ್ನೇ ಕೊಂಡುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಪ್ರಕಾರ ನಾಲ್ಕು ಗಂಟೆಗೂ ಹೆಚ್ಚು ಕೂತೇ ಪ್ರಯಾಣಿಸಿದರೆ ಹೆಪ್ಪಿನ ಅಪಾಯ ಸುಮಾರು ಇಮ್ಮಡಿ, ಆದರೂ ಅದು 6,000 ಮಂದಿಯಲ್ಲಿ ಒಬ್ಬರಿಗೆ. ಹಾರ್ಮೋನ್ ಮಾತ್ರೆ, ತೂಕ, ಹಿಂದೆ ಹೆಪ್ಪಾದದ್ದು ಸೇರಿದರೆ ಅಪಾಯ ಏರುತ್ತದೆ. ಗಂಟೆಗೊಮ್ಮೆ ಹಿಮ್ಮಡಿ ಎತ್ತಿಳಿಸುವುದು, ಎರಡು ಗಂಟೆಗೊಮ್ಮೆ ನಡುದಾರಿಯಲ್ಲಿ ಒಂದು ಸುತ್ತು. ಕಾಲುಚೀಲ ಬಿಸಿಯೆನಿಸಿದರೂ ಝಳದ ಹೊತ್ತಿಗೆ ಅದನ್ನು ಕಿತ್ತೊಗೆಯಬೇಡಿ, ತಂಪು ಮಾಡಬೇಕಾದದ್ದು ಮುಖ, ಕತ್ತು, ಅಂಗೈ. ನಿದ್ದೆ ಮಾತ್ರೆ ಬೇಡ ಎನ್ನುವುದಕ್ಕೂ ಇದೇ ಕಾರಣ: ಎಂಟು ಗಂಟೆ ಕಾಲು ಅಲುಗದೆ ಮಲಗಿಬಿಡುತ್ತೀರಿ. ವೈದ್ಯರು ಬರೆದ ಆತಂಕದ ಮಾತ್ರೆ ಇದ್ದರೆ ಔಷಧಿಯ ಮೂಲ ಹೆಸರಿರುವ ಚೀಟಿ ಜೊತೆಗಿರಲಿ. ಟಿಕೆಟ್ ಬದಲಾಗಿ ದುಬೈ ಕಡೆಯಿಂದ ಹೋಗುವಂತಾದರೆ ಇನ್ನೂ ಎಚ್ಚರ; ಅಲ್ಲಿ ಕೆಲವು ನಿದ್ದೆ ಮಾತ್ರೆಗಳಿಗೆ ಮುಂಗಡ ಅನುಮತಿ ಬೇಕು, ಗಸಗಸೆಯಂತೂ ನಿಷಿದ್ಧ.

ಎಲ್ಲವನ್ನೂ ಝಳದ ತಲೆಗೆ ಕಟ್ಟಬೇಡಿ. ಹತ್ತು ನಿಮಿಷವಾದರೂ ಇಳಿಯದ ಎದೆ ಒತ್ತಡ, ದವಡೆಗೋ ತೋಳಿಗೋ ಹರಡುವ ನೋವು, ಕೂತಲ್ಲೇ ಏದುಸಿರು, ಕಣ್ಣು ಕತ್ತಲೆಗಟ್ಟಿ ಬೀಳುವಂತಾಗುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇವುಗಳಿಗೆ ಸಿಬ್ಬಂದಿಯನ್ನು ಕರೆಯುವ ಗುಂಡಿ ಒತ್ತಲೇಬೇಕು. ಬೆವರಿನ ಜೊತೆ ತೂಕವೂ ಇಳಿಯುತ್ತಿದ್ದರೆ, ಕೈ ನಡುಗುತ್ತಿದ್ದರೆ ಹೊರಡುವ ಮುಂಚೆ ಥೈರಾಯ್ಡ್‌ಗೆ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ. ಈ ಎರಡು ತಿಂಗಳಲ್ಲಿ ಬಿಪಿ, ಶುಗರ್ ಕೂಡ ಒಮ್ಮೆ ನೋಡಿಸಿ.

ಚಿಕಾಗೊದ ಇಮಿಗ್ರೇಷನ್ ಸಾಲಿನಲ್ಲಿ ಝಳ ಬರುವ ಸಾಧ್ಯತೆ ಹೆಚ್ಚು: ನಿದ್ದೆಯಿಲ್ಲ, ನಿಂತೇ ಇರಬೇಕು, ಮುಂದೆ ಪ್ರಶ್ನೆ ಕೇಳುವ ಅಧಿಕಾರಿ. ವಿಮಾನ ಇಳಿಯುವ ಮುಂಚೆಯೇ ಕರ್ಚೀಫು ಒದ್ದೆ ಮಾಡಿಟ್ಟುಕೊಳ್ಳಿ, ಪಾಸ್‌ಪೋರ್ಟ್, ವಾಪಸ್ ಟಿಕೆಟ್, ಮಗಳ ವಿಳಾಸ, ಫೋನ್ ನಂಬರ್ ಬರೆದ ಹಾಳೆ ಒಂದೇ ಫೋಲ್ಡರಿನಲ್ಲಿರಲಿ. ಹೊರಗೆ ಚಳಿಯೆಂದು ಮಗಳು ಹೇಳಿದ ದಪ್ಪ ಕೋಟನ್ನು ಸಾಲಿನಲ್ಲಿ ತೊಡಬೇಡಿ, ತೋಳಿನ ಮೇಲಿರಲಿ. ಹೊರಬಾಗಿಲಿನ ಹತ್ತಿರ ಹೋದ ಮೇಲೆ ಹಾಕಿಕೊಂಡರಾಯಿತು. ಕೌಂಟರಿನಲ್ಲೇ ಬೆವರು ಸುರಿದರೆ ಮುಖ ಒರೆಸಿಕೊಂಡು ‘ಮೆನೋಪಾಸ್, ಹಾಟ್ ಫ್ಲ್ಯಾಶ್’ ಅನ್ನಿ. ಅಲ್ಲಿಯವರಿಗೆ ಅರ್ಥವಾಗುವ ಮಾತು ಅದು.